ತಂತಿಯ ಮಿತಿಯನ್ನು ಗಾಳಿಯೊಂದಿಗೆ ಓದುವುದು: ವಿದ್ಯುತ್ ದಟ್ಟಣೆಗೆ ಹೊಸ ಸಾಧನವೊಂದರ ಯೋಜನೆ

ಮುಂಗಾರಿನ ನೈಋತ್ಯ ಗಾಳಿ ಬಲಗೊಂಡಾಗ ಸವದತ್ತಿ ಸೀಮೆಯ ಗುಡ್ಡಗಳ ಮೇಲೂ ವಿಜಯಪುರದ ಬಯಲಿನಲ್ಲೂ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುತ್ತವೆ. ಸಹ್ಯಾದ್ರಿಯಲ್ಲಿ ಮಳೆ ಸುರಿದು ಕೃಷ್ಣೆ ಮೈದುಂಬಿದರೆ ಆಲಮಟ್ಟಿಯ 290 ಮೆಗಾವಾಟ್ ಜಲವಿದ್ಯುದಾಗಾರಕ್ಕೂ ಅದೇ ದಿನಗಳಲ್ಲಿ ಕೈತುಂಬ ಕೆಲಸ. ವಿಜಯಪುರ ಜಿಲ್ಲೆಯದೇ ಆದ ಕೂಡಗಿಯಲ್ಲಿ ತಲಾ 800 ಮೆಗಾವಾಟಿನ ಮೂರು ಕಲ್ಲಿದ್ದಲು ಘಟಕಗಳಿವೆ. ಗಾಳಿ ಏರಿದಾಗಲೆಲ್ಲ ಅವನ್ನು ಆರಿಸಲಾಗದು, ಒಂದು ಮಟ್ಟಕ್ಕಿಂತ ಕೆಳಗೆ ಇಳಿಸಲೂ ಆಗದು. ಹೊಲಕ್ಕೆ ಮಳೆ ಬಿದ್ದಿದ್ದರೆ ಬಾಗಲಕೋಟೆ, ಬೆಳಗಾವಿಯ ಕಬ್ಬಿನ ನಾಡಿನಲ್ಲಿ ಪಂಪ್‌ಸೆಟ್‌ಗಳ ಬೇಡಿಕೆ ಕುಗ್ಗಿರುತ್ತದೆ. ಇಲ್ಲಿ ಮಿಕ್ಕ ವಿದ್ಯುತ್ತು ದೂರದ ಊರುಗಳಿಗೆ ಹೋಗಲೇಬೇಕು, ಹೋಗುವ ಮಾರ್ಗಗಳೋ ಕೆಲವೇ. ಅವುಗಳಲ್ಲೊಂದು ತನ್ನ ಮಿತಿ ಮುಟ್ಟಿದರೆ, ಬೀಸುವ ಗಾಳಿಯನ್ನು ಕಣ್ಣೆದುರೇ ಬಿಟ್ಟುಕೊಟ್ಟು ಉತ್ಪಾದನೆ ತಗ್ಗಿಸಬೇಕಾಗುತ್ತದೆ. ಈ ದಟ್ಟಣೆಯನ್ನು ಮುಂಚಿತವಾಗಿ ಲೆಕ್ಕಹಾಕಿ ಜಾಲದ ನಿರ್ವಾಹಕರಿಗೆ ಸಲಹೆ ಕೊಡುವ ಗಣಕ ಸಾಧನವೊಂದರ ಯೋಜನೆ ಇದು.

ಆಲಮಟ್ಟಿಯ ಕಾಲುವೆಯಲ್ಲಿ ನೀರು ಹೆಚ್ಚಾದರೆ ತೂಬು ಇಳಿಸಿ ಇನ್ನೊಂದು ಕವಲಿಗೆ ತಿರುಗಿಸಬಹುದು. ಪರ್ಯಾಯ ಪ್ರವಾಹದ (ಎಸಿ) ವಿದ್ಯುತ್ ಜಾಲದಲ್ಲಿ ಅಂಥ ತೂಬುಗಳು ಬಹಳ ಅಪರೂಪ. ಎರಡು ಊರುಗಳ ನಡುವೆ ನಾಲ್ಕು ದಾರಿಗಳಿದ್ದರೆ ವಿದ್ಯುತ್ತು ನಾಲ್ಕರಲ್ಲೂ ಹಂಚಿಹೋಗುತ್ತದೆ. ಯಾವುದರ ಇಂಪೀಡೆನ್ಸ್, ಅಂದರೆ ಹರಿವಿಗೆ ಒಡ್ಡುವ ತಡೆ, ಕಡಿಮೆಯೋ ಅದರಲ್ಲಿ ಹೆಚ್ಚು ಹರಿಯುತ್ತದೆ. ಒಪ್ಪಂದದಲ್ಲಿ ಬರೆದ ದಾರಿಗೂ ಅದು ನಿಜವಾಗಿ ಹಿಡಿಯುವ ದಾರಿಗೂ ಸಂಬಂಧವಿರಬೇಕೆಂದಿಲ್ಲ. ಆದ್ದರಿಂದಲೇ ಮೂರು ಮಾರ್ಗಗಳಲ್ಲಿ ಸಾಕಷ್ಟು ಜಾಗವಿದ್ದರೂ ನಾಲ್ಕನೆಯದು ತುಂಬಿತೆಂಬ ಒಂದೇ ಕಾರಣಕ್ಕೆ ಇಡೀ ಪ್ರದೇಶದ ಸಾಗಣೆಗೆ ತಡೆ ಬೀಳುತ್ತದೆ.

ಮಿತಿಯ ವಿಷಯದಲ್ಲಿ ಜಾಲದ ನಿರ್ವಾಹಕರು ಇಷ್ಟು ಬಿಗಿಯಾಗಿರುವುದಕ್ಕೆ ಬಲವಾದ ಕಾರಣವಿದೆ. ಯಾವುದೇ ಒಂದು ಮಾರ್ಗ ಈ ಕ್ಷಣದಲ್ಲಿ ಟ್ರಿಪ್ ಆದರೂ, ಅಂದರೆ ತಾನಾಗಿ ಜಾಲದಿಂದ ಕಡಿದುಕೊಂಡರೂ, ಅದರ ಹೊರೆಯನ್ನು ಉಳಿದವು ತಾಳಿಕೊಳ್ಳಬೇಕೆಂಬುದು ಅವರ ಮೊದಲ ನಿಯಮ. 2012ರ ಜುಲೈ 30ರಂದು ಮಿತಿಮೀರಿದ ಹೊರೆಯಿಂದ ಬಿನಾ–ಗ್ವಾಲಿಯರ್ 400 ಕಿಲೋವೋಲ್ಟ್ ಮಾರ್ಗ ಕಡಿದುಹೋದಾಗ ಉತ್ತರ ಭಾರತದ ಜಾಲವೇ ಕುಸಿಯಿತು. ಮರುದಿನದ ಕುಸಿತ ಪೂರ್ವ ಮತ್ತು ಈಶಾನ್ಯಕ್ಕೂ ಹಬ್ಬಿತು. ದಕ್ಷಿಣದ ಜಾಲ ಆಗಿನ್ನೂ ಉಳಿದ ದೇಶದೊಂದಿಗೆ ಏಕತಾಳಕ್ಕೆ ಬಂದಿರಲಿಲ್ಲವಾದ್ದರಿಂದ ನಾವು ಉಳಿದುಕೊಂಡೆವು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಮಾರ್ಗ ಆ ಕೊಂಡಿಯನ್ನು ಬೆಸೆಯಿತು. ಈಗ ದೇಶದ ಅನುಕೂಲವೂ ಅಪಾಯವೂ ನಮ್ಮವೇ.

ಆದರೂ ಮಿತಿಯೆಂಬ ಆ ಸಂಖ್ಯೆಯನ್ನು ಒಮ್ಮೆ ಬಿಡಿಸಿ ನೋಡಬೇಕು, ಏಕೆಂದರೆ ಹೊಸ ಸಾಧನದ ತಿರುಳಿರುವುದು ಅಲ್ಲೇ. ಉಕ್ಕಿನ ತಿರುಳಿನ ಸುತ್ತ ಅಲ್ಯೂಮಿನಿಯಂ ಎಳೆಗಳನ್ನು ಹೊಸೆದ ತಂತಿಯಲ್ಲಿ ಕರೆಂಟು ಇಮ್ಮಡಿಯಾದರೆ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಕಾದ ತಂತಿ ಉದ್ದವಾಗಿ ಜೋಲುತ್ತದೆ. ಜೋತು ನೆಲದಿಂದ ಇರಬೇಕಾದ ಅಂತರವನ್ನು ಕಳೆದುಕೊಂಡರೆ ಅಪಘಾತವೇ. ಎಷ್ಟು ಕಾಯುತ್ತದೆಂಬುದನ್ನು ಕರೆಂಟಿನ ಜೊತೆಗೆ ಬಿಸಿಲು, ಹೊರಗಿನ ತಾಪ, ಎಲ್ಲಕ್ಕಿಂತ ಮಿಗಿಲಾಗಿ ತಂತಿಗೆ ಅಡ್ಡಲಾಗಿ ಬೀಸುವ ಗಾಳಿ ನಿರ್ಧರಿಸುತ್ತವೆ. ಎಂದಿಗೂ ಬದಲಾಗದ ಮಿತಿಯನ್ನು ಲೆಕ್ಕ ಹಾಕುವಾಗ ಸುಡುಬಿಸಿಲನ್ನೂ ಸೆಕೆಂಡಿಗೆ ಅರ್ಧ ಮೀಟರಿನ ಆಸುಪಾಸಿನ, ಬಹುತೇಕ ನಿಂತ ಗಾಳಿಯನ್ನೂ ಊಹಿಸಿಕೊಳ್ಳಲಾಗುತ್ತದೆ. ಯಂತ್ರವನ್ನು ತಿರುಗಿಸುವ ಗಾಳಿಯೇ ಆ ವಿದ್ಯುತ್ತನ್ನು ಹೊತ್ತ ತಂತಿಯನ್ನೂ ತಂಪಾಗಿಸಬಲ್ಲದು ಎಂಬುದು ಅಂಥ ಸಂಖ್ಯೆಗೆ ತಿಳಿಯದು. ಮುಂಗಾರಿನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ ಎಂಬ ನಮ್ಮ ಮೂರು ಜಿಲ್ಲೆಗಳು ಕಳೆದುಕೊಳ್ಳಬಹುದಾದ ಸಾಮರ್ಥ್ಯ ಇದೇ.

ಹಾಗಾದರೆ ಸಾಧನ ಏನು ಮಾಡಬೇಕು? ಮುಂದಿನ ಕೆಲವು ಗಂಟೆಗಳ ಗಾಳಿ, ಬೇಡಿಕೆ ಮತ್ತು ಉತ್ಪಾದನೆಯ ಮುನ್ಸೂಚನೆಗಳನ್ನು ಒಟ್ಟುಗೂಡಿಸಿ, ಪ್ರತಿ ಮಾರ್ಗದ ಆ ಹೊತ್ತಿನ ಮಿತಿಯನ್ನು ಅಂದಾಜಿಸಿ, ಒಂದೊಂದೇ ಮಾರ್ಗ ಕಡಿದುಹೋಯಿತೆಂದು ಭಾವಿಸಿ ಲೆಕ್ಕವನ್ನು ಮತ್ತೆ ಮತ್ತೆ ಮಾಡಬೇಕು. ಎಲ್ಲಿ ದಟ್ಟಣೆ ಕಾಣುತ್ತದೋ ಅಲ್ಲಿ ಅತಿ ಕಡಿಮೆ ನಷ್ಟದ ಉಪಾಯವನ್ನು ಮೊದಲು ಹೇಳಬೇಕು. ಸಬ್‌ಸ್ಟೇಷನ್ನಿನಲ್ಲಿ ಬ್ರೇಕರ್ ಎಂಬ ದೊಡ್ಡ ಸ್ವಿಚ್ಚೊಂದನ್ನು ತೆರೆದು, ಮಾರ್ಗಗಳೆಲ್ಲ ಬಂದು ಸೇರುವ ಲೋಹದ ಪಟ್ಟಿಯಾದ ಬಸ್‌ಬಾರನ್ನು ಇಬ್ಭಾಗಿಸಿದರೆ ಹರಿವಿನ ಹಂಚಿಕೆ ಬದಲಾಗಿ ತುಂಬಿದ ಮಾರ್ಗ ಹಗುರಾಗುವುದುಂಟು. ಇದಕ್ಕೆ ಇಂಧನವೂ ಬೇಡ, ಯಾರ ಉತ್ಪಾದನೆಯೂ ನಿಲ್ಲುವುದಿಲ್ಲ. ಇಂಥ ಸಾಧ್ಯತೆಗಳು ಲೆಕ್ಕವಿಲ್ಲದಷ್ಟಿದ್ದು, ಪಾಳಿಯಲ್ಲಿ ಕುಳಿತ ಎಂಜಿನಿಯರ್ ಎಲ್ಲವನ್ನೂ ಪರೀಕ್ಷಿಸುವುದು ಆಗದ ಮಾತು, ಗಣಕಯಂತ್ರಕ್ಕೆ ಒಪ್ಪುವ ಕೆಲಸ. ಅದು ಸಾಲದಿದ್ದರೆ ಆಲಮಟ್ಟಿಯ ನೀರನ್ನು ಕೆಲವು ಗಂಟೆ ತಡೆಹಿಡಿಯುವುದು, ಅದೂ ಪ್ರವಾಹವಿಲ್ಲದಿದ್ದರೆ. ನಂತರ ಕಲ್ಲಿದ್ದಲು ಘಟಕವನ್ನು ಇಳಿಸುವುದು. ಗಾಳಿಯನ್ನು ಕೈಬಿಡುವುದು ಕೊನೆಗೆ.

ಬ್ರೇಕರನ್ನು ತಾನೇ ತೆರೆಯುವ ಅಧಿಕಾರ ಸಾಧನಕ್ಕೆ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಸಲಹೆ ಅದರದು, ತೀರ್ಮಾನ ಜಾಲವನ್ನು ನಿಯಂತ್ರಿಸುವ ಲೋಡ್ ಡಿಸ್ಪ್ಯಾಚ್ ಕೇಂದ್ರದ ಎಂಜಿನಿಯರರದು. ಪ್ರತಿ ಸಲಹೆಯ ಜೊತೆ ಕಾರಣವೂ ಆ ಅಂದಾಜನ್ನು ಎಷ್ಟು ನಂಬಬಹುದೆಂಬುದೂ ಕಾಣಬೇಕು. ಗಾಳಿಯಂತ್ರದ ಎತ್ತರದಲ್ಲಿ ಅಳೆದ ವೇಗವನ್ನು ತಗ್ಗಿನಲ್ಲಿರುವ ತಂತಿಗೆ ನೇರವಾಗಿ ಅನ್ವಯಿಸಿದರೆ ಲೆಕ್ಕ ಕೆಡುತ್ತದೆ. ಗುಡ್ಡದ ಮರೆಯಲ್ಲೋ ಮಲಪ್ರಭೆಯ ತಗ್ಗಿನಲ್ಲೋ ಗಾಳಿ ತಾಕದ ಎರಡು ಟವರುಗಳ ನಡುವಿನ ತುಂಡೊಂದೇ ಇಡೀ ಮಾರ್ಗದ ಮಿತಿಯಾಗುತ್ತದೆ. ಮಾಪಕಗಳನ್ನು ಅಳವಡಿಸುವ ಮುನ್ನ ಆ ತುಂಡುಗಳನ್ನು ಹುಡುಕಬೇಕು. ಬಹಳ ಉದ್ದದ ಮಾರ್ಗಗಳಲ್ಲಿ ಶಾಖಕ್ಕಿಂತ ಮೊದಲು ವೋಲ್ಟೇಜು ಮತ್ತು ಸ್ಥಿರತೆಯ ಮಿತಿಗಳು ಎದುರಾಗುತ್ತವೆ. ಅಲ್ಲಿ ಗಾಳಿಯ ನೆರವು ಏನೂ ಉಪಯೋಗಕ್ಕೆ ಬಾರದು.

ಪ್ರಯೋಗವನ್ನು ಮಳೆಗಾಲದಲ್ಲಷ್ಟೇ ನಡೆಸಿ ಗೆದ್ದೆವೆನ್ನುವುದು ಸಲ್ಲದು. ನಿಜವಾದ ಪರೀಕ್ಷೆ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ. ಆಗ ಪಂಪ್‌ಸೆಟ್‌ಗಳು ಓಡುತ್ತಿರುತ್ತವೆ, ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ದಾಟಿರುತ್ತದೆ, ಎಲೆ ಅಲುಗದಷ್ಟು ಗಾಳಿ ನಿಂತಿರುವ ಹೊತ್ತೂ ಬರುತ್ತದೆ. ಅಂಥ ಗಳಿಗೆಯಲ್ಲಿ ಸಾಧನವು ಪುಸ್ತಕದ ಸ್ಥಿರ ಸಂಖ್ಯೆಗಿಂತ ಕಡಿಮೆ ಮಿತಿಯನ್ನೂ ತೋರಿಸಬಹುದು. ಆ ಕಡಿಮೆ ಸಂಖ್ಯೆಯನ್ನೂ ಪಾಲಿಸುವ ನಿಯಮವನ್ನು ಸಾಧನ ಕೆಲಸಕ್ಕೆ ಇಳಿಯುವ ಮುನ್ನವೇ ಬರೆದಿಡಬೇಕು.