ಕೈ ಸೋತಾಗ ಹಿಡಿಯುವ ರ್ಯಾಕ್

ಮನೆಯಲ್ಲೇ ಜಿಮ್ ಮಾಡಿಕೊಳ್ಳಲು ಹೊರಟವರು ಪವರ್ ರ್ಯಾಕ್ (ಭಾರದ ಬಾರನ್ನು ಇಟ್ಟು ಎತ್ತಲು ಬಳಸುವ, ಕಂಬಗಳ ಉಕ್ಕಿನ ಚೌಕಟ್ಟು) ನೋಡುವಾಗ ಮೊದಲು ಕೇಳುವುದು ಒಂದೇ ಪ್ರಶ್ನೆ: ಇದು ಎಷ್ಟು ಕೆಜಿ ತಡೆಯುತ್ತದೆ? ತಯಾರಕರೂ ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಆದರೆ ಆ ಸಂಖ್ಯೆಯಿಂದ ನಮಗೆ ತಿಳಿಯುವುದು ಬಹಳ ಕಡಿಮೆ.

ಒಂದು ಲೆಕ್ಕ ಹಾಕಿ ನೋಡೋಣ. ರ್ಯಾಕಿನ ಕಂಬ ಅಂದರೆ ಒಳಗೆ ಟೊಳ್ಳಾದ ಚೌಕ ಉಕ್ಕಿನ ಕೊಳವೆ. ಅಗಲ 50 ಮಿಲಿಮೀಟರ್, ತಗಡಿನ ದಪ್ಪ 2 ಮಿಲಿಮೀಟರ್, ಎತ್ತರ 2.1 ಮೀಟರ್ ಅಂದುಕೊಳ್ಳಿ. ಇದು ಸಾಧಾರಣ ಕಂಬ. ಮೇಲಿನಿಂದ ನೇರವಾಗಿ ಒತ್ತಿದರೆ ಕಂಬ ಯಾವ ಭಾರಕ್ಕೆ ಬಾಗಿ ಕುಸಿಯುತ್ತದೆ ಎಂದು ತಿಳಿಯಲು ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 18ನೇ ಶತಮಾನದಲ್ಲೇ ಸೂತ್ರ ಕೊಟ್ಟಿದ್ದಾರೆ. ಬುಡ ಮಾತ್ರ ಗಟ್ಟಿಯಾಗಿದ್ದು ತುದಿ ಪೂರ್ತಿ ಸಡಿಲವಾಗಿದ್ದರೂ ಉತ್ತರ ಸುಮಾರು 1,700 ಕೆಜಿ. ತುದಿ ಆಚೀಚೆ ಸರಿಯದಂತೆ ಬಿಗಿದಿದ್ದರೆ 6,000 ಕೆಜಿಗೂ ಜಾಸ್ತಿ. ಅದೂ ಒಂದೇ ಕಂಬಕ್ಕೆ! ಹುಕ್ಕು, ಪಿನ್ನು ಸಿಕ್ಕಿಸಲು ಕಂಬದಲ್ಲಿರುವ ತೂತುಗಳಿಂದ ಇದು ಸ್ವಲ್ಪ ಇಳಿಯುತ್ತದೆ, ಹಾಗಿದ್ದರೂ ಮನೆಯಲ್ಲಿ ಯಾರೂ ಅಷ್ಟು ಎತ್ತುವುದಿಲ್ಲ ಅಲ್ವಾ?

ಅಂದರೆ ಸುಮ್ನೆ ಕೂತ ಭಾರಕ್ಕೆ ರ್ಯಾಕ್ ಹೆದರುವುದಿಲ್ಲ. ಅದರ ಪರೀಕ್ಷೆ ನಡೆಯುವುದು ನಮ್ಮ ಕೈ ಸೋತು ಬಾರ್ ಕೆಳಗೆ ಬಂದಾಗ. ಒಬ್ಬರೇ ವ್ಯಾಯಾಮ ಮಾಡುವವರು ರ್ಯಾಕನ್ನೂ ಬೆಂಚನ್ನೂ ಆ ಒಂದು ಗಳಿಗೆಗಾಗಿ ಆರಿಸಬೇಕು.

100 ಕೆಜಿಯ ಬಾರ್ 30 ಸೆಂಟಿಮೀಟರ್ ಮೇಲಿನಿಂದ ಸೇಫ್ಟಿ ಮೇಲೆ, ಅಂದರೆ ಬೀಳುವ ಬಾರನ್ನು ಹಿಡಿಯಲು ರ್ಯಾಕಿನ ಎರಡೂ ಬದಿಗೆ ಹಾಕುವ ಅಡ್ಡಪಟ್ಟಿಗಳ ಮೇಲೆ, ಬಿತ್ತು ಅನ್ನಿ. ಅಷ್ಟರಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್ ಆಗಿರುತ್ತದೆ. ಆ ವೇಗ ಎಷ್ಟು ದೂರದಲ್ಲಿ ಸೊನ್ನೆಯಾಗುತ್ತದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಒಂದೇ ಸೆಂಟಿಮೀಟರಿನಲ್ಲಿ ನಿಂತರೆ ಸೇಫ್ಟಿ ಮೇಲೆ ಬೀಳುವ ಸರಾಸರಿ ಬಲ ಸುಮಾರು 3,100 ಕೆಜಿ ಭಾರಕ್ಕೆ ಸಮ. ಹತ್ತು ಸೆಂಟಿಮೀಟರ್ ಜಗ್ಗಿ ನಿಂತರೆ ಬರೀ 400 ಕೆಜಿ. ಅದೇ ಬಾರ್, ಅದೇ ಎತ್ತರ. ನೈಲಾನ್ ಪಟ್ಟಿಯ ಸೇಫ್ಟಿಯನ್ನು ನಾನು ಇಷ್ಟಪಡುವುದು ಇದಕ್ಕೇ. ಉಕ್ಕಿನ ಕೊಳವೆಯ ಸೇಫ್ಟಿ ಕೂಡ ಒಳ್ಳೆಯದೇ, ಅದು ಮುಂದಿನ ಕಂಬದಿಂದ ಹಿಂದಿನ ಕಂಬದವರೆಗೆ ಹೋಗಿ ಎರಡೂ ತುದಿಯಲ್ಲಿ ಆಧಾರ ಪಡೆದಿರುವಷ್ಟು ಕಾಲ. ಒಂದೇ ಕಂಬಕ್ಕೆ ಸಿಕ್ಕಿಸಿ ಮುಂದಕ್ಕೆ ಚಾಚಿದ ಸೇಫ್ಟಿ ತೋಳುಗಳ ಕಥೆ ಬೇರೆ. ಅಲ್ಲಿ ಬಾರ್ ಕಂಬದಿಂದ ದೂರ ಬಿದ್ದಷ್ಟೂ ಪಿನ್ನಿನ ಮೇಲಿನ ತಿರುಚು ಬಲ ಏರುತ್ತದೆ, ಇಡೀ ಸ್ಟ್ಯಾಂಡನ್ನು ಮುಂದಕ್ಕೆ ಎಳೆಯುತ್ತದೆ. ಜೊತೆಗೆ ಯಾರೂ ಇಲ್ಲದೆ ಭಾರ ಎತ್ತುವವರಿಗೆ ನಾಲ್ಕು ಕಂಬದ ರ್ಯಾಕೇ ಸರಿ ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ಹಾಗಾದರೆ ದಪ್ಪ ಕಂಬಕ್ಕೆ ಅರ್ಥವಿಲ್ಲವೇ? ಇದೆ. ಅದು ಅಲುಗಾಟ ಕಡಿಮೆ ಮಾಡುತ್ತದೆ. 75 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಕೊಳವೆಗೆ ಮೊದಲು ಹೇಳಿದ ಕೊಳವೆಗಿಂತ ಎರಡೂ ಕಾಲು ಪಟ್ಟು ಉಕ್ಕು ಬೇಕು. ಬಾಗದೆ ನಿಲ್ಲುವ ಗುಣ ಮಾತ್ರ ಐದು ಪಟ್ಟಾಗುತ್ತದೆ. ಉಕ್ಕು ನಡುವಿನಿಂದ ದೂರ ಸರಿದಷ್ಟೂ ಬಾಗುವಿಕೆಯನ್ನು ಹೆಚ್ಚು ತಡೆಯುತ್ತದೆ, ಅದಕ್ಕೇ ಹೀಗೆ. ಇನ್ನೊಂದು ಮಾತು. ದಪ್ಪವನ್ನು ಗೇಜ್ ಲೆಕ್ಕದಲ್ಲಿ ಹೇಳಿದ್ದರೆ ಚಿಕ್ಕ ಸಂಖ್ಯೆಯೇ ದಪ್ಪ ತಗಡು. 11 ಗೇಜ್ ಸುಮಾರು 3 ಮಿಲಿಮೀಟರ್, 14 ಗೇಜ್ ಸುಮಾರು 1.9.

ಈಗ ಬೆಂಚ್. ಬಹಳ ಜನ ಇದನ್ನು ಕೊನೆಗೆ, ಬೇರೆ ಸಾಮಾನು ಅನ್ನುವಂತೆ ಕೊಳ್ಳುತ್ತಾರೆ. ನನ್ನ ಪ್ರಕಾರ ಎರಡನ್ನೂ ಒಟ್ಟಿಗೇ ಅಳೆಯಬೇಕು. ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಶನ್ ನಿಯಮದಂತೆ ಸ್ಪರ್ಧೆಯ ಬೆಂಚಿನ ಎತ್ತರ 42ರಿಂದ 45 ಸೆಂಟಿಮೀಟರ್, ಅಗಲ 29ರಿಂದ 32 ಸೆಂಟಿಮೀಟರ್. ಈ ಎತ್ತರದಲ್ಲಿ ಹೆಚ್ಚಿನವರ ಪಾದ ನೆಲಕ್ಕೆ ಪೂರ್ತಿ ಊರುತ್ತದೆ, ಕಾಲಿನಿಂದ ನೆಲ ಒತ್ತಿ ಮೈಯನ್ನು ಬಿಗಿ ಹಿಡಿಯಬಹುದು. ಅಗಲ ತೀರಾ ಕಡಿಮೆಯಾದರೆ ಭುಜದ ಹಿಂದಿನ ಮೂಳೆಗಳಿಗೆ ಆಸರೆ ಸಿಗುವುದಿಲ್ಲ. ತೀರಾ ಜಾಸ್ತಿಯಾದರೆ ತೋಳು ಕೆಳಗಿಳಿಯುವಾಗ ಬೆಂಚಿಗೆ ತಗಲುತ್ತದೆ. ಕುಶನ್ ಗಟ್ಟಿಯಿರಲಿ. ಮೆತ್ತನೆಯದು ಅಂಗಡಿಯಲ್ಲಿ ಹಿತವೆನಿಸುತ್ತದೆ, ಭಾರದ ಕೆಳಗೆ ಮೈ ಅದರೊಳಗೆ ಹೂತು ಅಲುಗುತ್ತದೆ. ಬೆಂಚ್ ಹೊರುವುದು ಬಾರನ್ನಷ್ಟೇ ಅಲ್ಲ, ನಿಮ್ಮನ್ನೂ. 80 ಕೆಜಿಯ ವ್ಯಕ್ತಿ 100 ಕೆಜಿ ಎತ್ತಿದರೆ ಅದರ ಮೇಲೆ 180 ಕೆಜಿ.

ಬೆಂಚನ್ನು ರ್ಯಾಕಿನ ಜೊತೆಗೇ ಅಳೆಯಬೇಕು ಅಂದಿದ್ದಕ್ಕೆ ಕಾರಣ ಇದೆ. ಬೆಂಚ್ ಪ್ರೆಸ್‌ನಲ್ಲಿ, ಅಂದರೆ ಬೆಂಚ್ ಮೇಲೆ ಮಲಗಿ ಬಾರನ್ನು ಎದೆಯಿಂದ ಮೇಲಕ್ಕೆ ಒತ್ತುವಾಗ, ಸೇಫ್ಟಿ ಎಲ್ಲಿರಬೇಕು? ಭುಜಗಳನ್ನು ಹಿಂದಕ್ಕೆ ಬಿಗಿದು, ಬೆನ್ನನ್ನು ಸ್ವಲ್ಪ ಕಮಾನಾಗಿಸಿದಾಗ ಎದೆ ಮೇಲೇಳುತ್ತದೆ. ಬಾರ್ ಅಲ್ಲಿಗೆ ಬಂದು ತಾಕಬೇಕು, ಅದಕ್ಕೆ ಮೊದಲೇ ಸೇಫ್ಟಿಗೆ ಬಡಿಯಬಾರದು. ಕೈ ಸೋತು ಬೆನ್ನನ್ನು ಚಪ್ಪಟೆ ಮಾಡಿದರೆ ಎದೆ ಕೆಳಗಿಳಿದು ಬಾರ್ ಸೇಫ್ಟಿ ಮೇಲೆ ಕೂರಬೇಕು. ಕುತ್ತಿಗೆಯ ಕಡೆಗೆ ಜಾರಿದರೂ ಅಲ್ಲೇ ನಿಲ್ಲಬೇಕು. ಈ ಎರಡು ಮಟ್ಟಗಳ ನಡುವೆ ಸಿಗುವುದು ಕೆಲವೇ ಸೆಂಟಿಮೀಟರ್. ರ್ಯಾಕಿನ ತೂತುಗಳು ಐದೈದು ಸೆಂಟಿಮೀಟರಿಗೆ ಒಂದಿದ್ದರೆ ನಿಮಗೆ ಬೇಕಾದ ಎತ್ತರ ಎರಡು ತೂತುಗಳ ನಡುವೆ ಬೀಳಬಹುದು. ಒಂದು ತೂತು ಮೇಲಾದರೆ ಬಾರ್ ಎದೆ ಮುಟ್ಟುವುದಿಲ್ಲ, ಕೆಳಗಾದರೆ ಸೇಫ್ಟಿ ಇದ್ದೂ ಇಲ್ಲದಂತೆ. ಹಾಗಾಗಿ ಬೆಂಚ್ ಪ್ರೆಸ್‌ನ ಎತ್ತರದಲ್ಲಿ ಎರಡೂವರೆ ಸೆಂಟಿಮೀಟರಿಗೊಂದು ತೂತು ಇರುವ ರ್ಯಾಕ್ ಸಿಕ್ಕರೆ ಬಿಡಬೇಡಿ. ಸಿಗದಿದ್ದರೆ ಬೆಂಚಿನ ಕೆಳಗೆ ಅಗಲವಾದ ಗಟ್ಟಿ ರಬ್ಬರ್ ಮ್ಯಾಟ್ ಹಾಸಿ ಎತ್ತರ ಹೊಂದಿಸಬಹುದು. ನನ್ನನ್ನು ಕೇಳಿದರೆ, ಕಂಬದ ದಪ್ಪಕ್ಕಿಂತ ಜಾಸ್ತಿ ಮುಖ್ಯವಾದ ವಿಷಯ ಇದು.

ಕಂಬಗಳ ನಡುವಿನ ಅಂತರವೂ ಲೆಕ್ಕಕ್ಕೆ ಬರುತ್ತದೆ. ಪುರುಷರ ಒಲಿಂಪಿಕ್ ಬಾರ್ 20 ಕೆಜಿ ತೂಗುತ್ತದೆ, 2.2 ಮೀಟರ್ ಉದ್ದ. ಪ್ಲೇಟ್ ಕೂರುವ ಜಾಗ ನಡುವಿನಿಂದ ಸುಮಾರು 68.5 ಸೆಂಟಿಮೀಟರ್ ದೂರದಲ್ಲಿ ಶುರುವಾಗುತ್ತದೆ. ಒಂದು ಕಡೆಯ ಪ್ಲೇಟುಗಳನ್ನೆಲ್ಲ ತೆಗೆದು ಇನ್ನೊಂದು ಕಡೆಯವನ್ನು ಹಾಗೇ ಬಿಟ್ಟರೆ ಬಾರ್ ತಕ್ಕಡಿಯಂತೆ ವಾಲಲು ನೋಡುತ್ತದೆ. ಬಾರ್ ಕೂರುವ ಹುಕ್ಕುಗಳ ನಡುವೆ 110 ಸೆಂಟಿಮೀಟರ್ ಇದ್ದರೆ, ತೆಳು ಪ್ಲೇಟುಗಳಾದಲ್ಲಿ ಒಂದು ಕಡೆ ಸುಮಾರು 60 ಕೆಜಿವರೆಗೆ ಅದು ನಿಂತೀತು. 80 ಸೆಂಟಿಮೀಟರ್ ಅಂತರದ, ಬೆಂಚಿಗೇ ಅಂಟಿಕೊಂಡ ಕಂಬಗಳಾದರೆ 27 ಕೆಜಿ ಆಸುಪಾಸಿನಲ್ಲೇ ಮಗುಚುತ್ತದೆ. ಯಾವ ರ್ಯಾಕ್ ಆದರೂ ಎರಡೂ ಕಡೆ ಒಂದೊಂದೇ ಪ್ಲೇಟ್ ತೆಗೆಯುತ್ತಾ ಬನ್ನಿ.

ಕೋಣೆಯ ವಿಷಯ ಚುಟುಕಾಗಿ. ಬಾರಿನ ಉದ್ದದ ಜೊತೆಗೆ ಪ್ಲೇಟ್ ಹಾಕಲು ಎರಡೂ ಬದಿಗೆ ಅರ್ಧ ಮೀಟರ್ ಬೇಕು. ನಿಂತು ತಲೆಯ ಮೇಲೆ ಎತ್ತುವವರಾದರೆ, ಚಾಚಿದ ಕೈಯ ಎತ್ತರಕ್ಕೆ ಇನ್ನೂ 22.5 ಸೆಂಟಿಮೀಟರ್ ಸೇರಿಸಿ ಸೂರು ನೋಡಿ. ದೊಡ್ಡ ಪ್ಲೇಟಿನ ಅಡ್ಡಳತೆ 45 ಸೆಂಟಿಮೀಟರ್, ಅದರ ಅರ್ಧ ಬಾರಿನ ಮೇಲಿರುತ್ತದೆ. ರ್ಯಾಕನ್ನು ನೆಲಕ್ಕೆ ಬೋಲ್ಟ್ ಮಾಡಿ. ಆಗದಿದ್ದರೆ ಬಳಸದ ಪ್ಲೇಟುಗಳನ್ನು ಹಿಂದಿನ ಕಂಬಗಳಲ್ಲಿ ತಗ್ಗಾಗಿ ನೇತುಹಾಕಿ. ಭಾರದ ಕೇಂದ್ರ ಹಿಂದಕ್ಕೂ ಕೆಳಕ್ಕೂ ಸರಿದು, ಮುಂದಕ್ಕೆ ವಾಲುವುದು ಕಡಿಮೆಯಾಗುತ್ತದೆ.

ಎಲ್ಲ ಜೋಡಿಸಿದ ಮೇಲೆ, ಮೊದಲ ಪ್ಲೇಟ್ ಹಾಕುವ ಮುಂಚೆ, ಖಾಲಿ ಬಾರ್ ಹಿಡಿದು ಬೆಂಚ್ ಮೇಲೆ ಮಲಗಿ. ಎದೆಗೆ ತಾಕಿಸಿ. ಬೆನ್ನು ಇಳಿಸಿ ಬಾರನ್ನು ಸೇಫ್ಟಿ ಮೇಲೆ ಬಿಟ್ಟು ಕೆಳಗಿನಿಂದ ಜಾರಿ ಹೊರಗೆ ಬನ್ನಿ. ಬರಲಾಗದಿದ್ದರೆ ತೂತು ಬದಲಿಸಿ, ಮತ್ತೆ ಮಲಗಿ ನೋಡಿ.