ತಾಮ್ರದ ಸೆಂಟ್ ಮೇಲಿನ ಉಬ್ಬುಗೆರೆ

ಅಮೆರಿಕದ ಫಿಲಡೆಲ್ಫಿಯಾದ ಹೊಸ ಟಂಕಸಾಲೆಯಲ್ಲಿ 1793ರ ಮಾರ್ಚ್‌ನಲ್ಲಿ ಅಚ್ಚಾದ ತಾಮ್ರದ ಸೆಂಟ್ ನಾಣ್ಯದ ಒಂದು ಬದಿಯಲ್ಲಿ ಕೂದಲು ಕೆದರಿದ ಸ್ವಾತಂತ್ರ್ಯ ದೇವಿಯ ಮುಖವಿದ್ದರೆ, ಇನ್ನೊಂದು ಬದಿಯಲ್ಲಿ ಅಂದಿನ 15 ರಾಜ್ಯಗಳ ಒಗ್ಗಟ್ಟಿನ ಗುರುತಾಗಿ 15 ಕೊಂಡಿಗಳ ಸರಪಳಿಯಿದೆ. ಸ್ವಾತಂತ್ರ್ಯದ ಬೆನ್ನಿಗೆ ಸಂಕೋಲೆಯೇ ಎಂದು ಜನ ಆಡಿಕೊಂಡರು. ಸುಮಾರು 36,000 ನಾಣ್ಯಗಳು ಹೊರಬಿದ್ದ ಮೇಲೆ ಸರಪಳಿಯ ಜಾಗಕ್ಕೆ ಎಲೆಗಳ ಹಾರ ಬಂತು.

ಸಂಖ್ಯೆ ಕಡಿಮೆಯೆಂಬುದೊಂದೇ ಸಂಗ್ರಾಹಕರನ್ನು ಈ ನಾಣ್ಯಗಳತ್ತ ಸೆಳೆಯುವುದಿಲ್ಲ. ಆಗ ಉಕ್ಕಿನ ಅಚ್ಚುಗಳನ್ನು ಕೈಯಿಂದಲೇ ಸಿದ್ಧಪಡಿಸುತ್ತಿದ್ದುದರಿಂದ ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಸರಪಳಿ ಸೆಂಟ್‌ನ ಒಂದು ಅಚ್ಚಿನಲ್ಲಂತೂ ದೇಶದ ಹೆಸರೇ ‘ಅಮೆರಿ.’ ಎಂದು ಮೊಟಕಾಗಿದೆ. ಕಾಯಿಸಿ, ತಣಿಸಿ ಹದ ಹಾಕಿದ ಉಕ್ಕು ಗಡುಸಾದಷ್ಟೂ ಪೆಡಸಾಗುತ್ತದೆ. ತಿರುಪು ಯಂತ್ರದ ಹೊಡೆತಕ್ಕೆ ಅಂಥ ಅಚ್ಚು ಸೀಳಿದಾಗ, ಒತ್ತಡಕ್ಕೆ ಸಿಕ್ಕ ತಾಮ್ರ ಆ ಸೀಳಿನೊಳಗೆ ನುಗ್ಗಿ, ನಾಣ್ಯದ ಮೇಲೆ ಕೂದಲೆಳೆಯಷ್ಟು ಉಬ್ಬುಗೆರೆ ಮೂಡುತ್ತದೆ. ಒಂದೇ ಮುಂಬದಿಯ ಅಚ್ಚನ್ನು ಎರಡು ಬೇರೆ ಹಿಂಬದಿ ಅಚ್ಚುಗಳೊಡನೆ ಬಳಸಿದ್ದರೆ, ಯಾವ ಜೋಡಿಯಲ್ಲಿ ಆ ಗೆರೆ ಗಿಡ್ಡಗಿದೆಯೋ ಅದು ಮೊದಲಿನದು, ಯಾವುದರಲ್ಲಿ ಉದ್ದಕ್ಕೆ ಬೆಳೆದಿದೆಯೋ ಅದು ಆಮೇಲಿನದು. ಟಂಕಸಾಲೆಯ ಲೆಕ್ಕದ ಪುಸ್ತಕ ಹೇಳದ ಕ್ರಮವನ್ನು ಭೂತಗನ್ನಡಿ ಹಿಡಿದವರು ಹೀಗೆ ನಾಣ್ಯದಿಂದಲೇ ಓದಿಕೊಳ್ಳುತ್ತಾರೆ. ಈ ಹವ್ಯಾಸದ ನಿಜವಾದ ರುಚಿ ಇರುವುದು ಇಲ್ಲಿಯೇ, ಹರಾಜಿನ ಬೆಲೆಯಲ್ಲಲ್ಲ ಎಂದು ನನಗನ್ನಿಸುತ್ತದೆ.

ಬೆಲೆಯ ಮಾತು ಬಂದಾಗ ನಾಣ್ಯತಜ್ಞ ವಿಲಿಯಂ ಶೆಲ್ಡನ್ ಅವರನ್ನು ನೆನೆಯಬೇಕು. ಹಳೆಯ ಸೆಂಟ್‌ಗಳಿಗೆಂದೇ 1949ರಲ್ಲಿ ಅವರು 1ರಿಂದ 70ರವರೆಗಿನ ಅಂಕಗಳ ಮಾಪನವನ್ನು ಮುಂದಿಟ್ಟರು. ತೀರಾ ಸವೆದ ನಾಣ್ಯದ ಬೆಲೆ ಒಂದಾದರೆ ಒಂದಿಷ್ಟೂ ಕುಂದಿಲ್ಲದ ನಾಣ್ಯದ್ದು ಅದರ ಎಪ್ಪತ್ತು ಪಟ್ಟು ಎಂಬ ಅವರ ಲೆಕ್ಕ ಬಹುಬೇಗ ಹಳಸಿತು. ಮಾಪನ ಮಾತ್ರ ಉಳಿದು ಇಂದು ಎಲ್ಲ ಬಗೆಯ ಅಮೆರಿಕನ್ ನಾಣ್ಯಗಳಿಗೂ ಬಳಕೆಯಾಗುತ್ತಿದೆ.

ಅಂಕ ಕೊಡುವವರು ಮೊದಲು ನೋಡುವುದರಲ್ಲಿ ಬಣ್ಣವೂ ಒಂದು. ಹೊಸ ತಾಮ್ರದ ಕೆಂಪು, ಗಾಳಿಯ ಆಮ್ಲಜನಕದೊಡನೆ ಸೇರಿ ಆಕ್ಸೈಡ್ ಆಗುತ್ತಾ ಕಂದುಬಣ್ಣಕ್ಕೆ ತಿರುಗುತ್ತದೆ, ಆ ತೆಳುಪದರವೇ ಒಳಗಿನ ಲೋಹಕ್ಕೆ ಒಂದಿಷ್ಟು ಹೊದಿಕೆಯೂ ಆಗುತ್ತದೆ. ನಮ್ಮ ಮನೆಗಳಲ್ಲಿ ತಾಮ್ರದ ಚೊಂಬಿಗೆ ಹುಣಸೆಹಣ್ಣು ಹಾಕಿ ತಿಕ್ಕುವಂತೆ ಈ ನಾಣ್ಯವನ್ನೂ ಯಾರಾದರೂ ತಿಕ್ಕಿದರೆ, ಹುಣಸೆಯ ಆಮ್ಲ ಆ ಪದರವನ್ನು ಕರಗಿಸಿ ತೆಗೆದುಬಿಡುತ್ತದೆ. ಎರಡು ಶತಮಾನದ ಕಂದು ಹೋಗಿ ಅಸಹಜವಾದ ಗುಲಾಬಿ ಹೊಳಪು ಬಂದ ಅಂಥ ನಾಣ್ಯಕ್ಕೆ ಪರೀಕ್ಷಕರು ಅಂಕ ಕೊಡುವುದಿಲ್ಲ, ‘ತೊಳೆದದ್ದು’ ಎಂದು ಬರೆದು ಹಿಂದಿರುಗಿಸುತ್ತಾರೆ.