ದುಬಾರಿ ಕೋಟಿನ ಒಳಪದರ ಮತ್ತು ನೀರು ಕುಡಿಯುವ ಉಣ್ಣೆ

ಹೆಸರಾಂತ ಡಿಸೈನರ್ ಸಂಸ್ಥೆಯ ಕೋಟು ಕೊಳ್ಳುವವರು ಅದರ ಗುಣಮಟ್ಟವನ್ನು ಸಾಮಾನ್ಯವಾಗಿ ಮೂರು ಗುರುತುಗಳಿಂದ ಅಳೆಯುತ್ತಾರೆ: ಒಳಜೇಬಿನ ಮೇಲೆ ಹೊಲಿದಿರುವ ಹೆಸರಿನ ಚೀಟಿ, ಬಟ್ಟೆಯ ಮೇಲೆ ನಮೂದಾದ ‘ಸೂಪರ್ 150’ ಎಂಬಂಥ ಸಂಖ್ಯೆ ಮತ್ತು ಬೆಲೆ. ಆ ಕೋಟು ಐದಾರು ಮಳೆಗಾಲಗಳನ್ನು ಕಂಡ ಮೇಲೂ ಎದೆಯ ಮೇಲೆ ನುಣ್ಣಗೆ ಕೂರುತ್ತದೆಯೇ ಎಂಬ ಪ್ರಶ್ನೆಗೆ ಈ ಮೂರರಲ್ಲಿ ಒಂದೂ ಉತ್ತರ ಕೊಡುವುದಿಲ್ಲ. ಉತ್ತರ ಇರುವುದು ಹೊರಬಟ್ಟೆಗೂ ಲೈನಿಂಗಿಗೂ ನಡುವೆ ಅಡಗಿರುವ, ಅಂಗಡಿಯಲ್ಲಿ ಯಾರೂ ತೋರಿಸದ ಇನ್ನೊಂದು ಪದರದಲ್ಲಿ. ಬೆಲೆ ಹೆಚ್ಚಿದಂತೆ ಬಾಳಿಕೆಯೂ ಹೆಚ್ಚುತ್ತದೆ ಎಂಬ ನಂಬಿಕೆ ವಿದ್ಯಾವಂತರಲ್ಲೂ ಬೇರೂರಿರುವುದರಿಂದ, ಈ ಪದರದ ಭೌತಶಾಸ್ತ್ರವನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು.

ಮೊದಲು ಕೈಯಿಂದಲೇ ಪರೀಕ್ಷಿಸಬಹುದು. ಕೋಟಿನ ಗುಂಡಿ ಬಿಚ್ಚಿ, ಕೊನೆಯ ಕಾಜಾದ ಕೆಳಗೆ ಹೊರಬಟ್ಟೆಯನ್ನು ಒಂದು ಕೈಯ ಎರಡು ಬೆರಳುಗಳಲ್ಲಿ, ಒಳಮಗ್ಗುಲಿನ ಬಟ್ಟೆಯನ್ನು ಇನ್ನೊಂದು ಕೈಯ ಎರಡು ಬೆರಳುಗಳಲ್ಲಿ ಹಿಡಿದು ಮೆಲ್ಲಗೆ ಬೇರೆ ಬೇರೆ ಕಡೆಗೆ ಎಳೆಯಿರಿ. ನಡುವೆ ಸಡಿಲವಾಗಿ ಜಾರುವ ಮೂರನೆಯ ಪದರವೊಂದು ಬೆರಳಿಗೆ ಸಿಕ್ಕರೆ ಅದು ಕ್ಯಾನ್ವಾಸ್. ಸಿಗದೆ, ಹೊರಬಟ್ಟೆಯೇ ದಪ್ಪವಾಗಿ ತುಸು ಬಿರುಸಾಗಿದೆ ಎನ್ನಿಸಿದರೆ ಒಳಪದರವನ್ನು ಅಂಟಿನಿಂದ ಕೂಡಿಸಲಾಗಿದೆ ಎಂದು ತಿಳಿಯಬಹುದು. ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಈ ಕೆಲಸಕ್ಕೆ ಫ್ಯೂಸಿಂಗ್ ಎನ್ನುತ್ತಾರೆ. ಎದೆಯ ಭಾಗಕ್ಕೆ ಮಾತ್ರ ಕ್ಯಾನ್ವಾಸ್ ಹಾಕಿ ಕೆಳಗಿನದನ್ನು ಅಂಟಿಸುವ ಅರೆ ಕ್ಯಾನ್ವಾಸ್ ವಿಧಾನವೂ ಇರುವುದರಿಂದ ಎದೆಯ ಹತ್ತಿರ ಇನ್ನೊಮ್ಮೆ ಹಿಡಿದು ನೋಡುವುದು ಒಳ್ಳೆಯದು.

ಸಾಂಪ್ರದಾಯಿಕ ಎದೆಯ ಕ್ಯಾನ್ವಾಸಿನಲ್ಲಿ ಹಾಸಿನ ಎಳೆಗಳು ಹತ್ತಿಯದೋ ಉಣ್ಣೆಯದೋ ಆಗಿದ್ದು, ಹೊಕ್ಕಿನಲ್ಲಿ ಕುದುರೆಯ ಬಾಲದ ಕೂದಲು ಇರುತ್ತದೆ. ಈ ಕೂದಲು ಬಾಗಿಸಿದರೆ ಮುರಿಯದೆ ಪುಟಿದು ನೆಟ್ಟಗಾಗುತ್ತದೆ. ಎದೆಯ ದುಂಡನೆಯ ಆಕಾರಕ್ಕೆ ಬೇಕಾದ ಪುಟಿತ ಇದರಿಂದಲೇ ಬರುತ್ತದೆ. ಫ್ಯೂಸಿಂಗಿನಲ್ಲಿ ತೆಳು ಬಟ್ಟೆಯೊಂದರ ಮೇಲೆ ಪಾಲಿಅಮೈಡ್ ಅಥವಾ ಪಾಲಿಯೆಸ್ಟರ್ ಅಂಟಿನ ಸಣ್ಣ ಚುಕ್ಕೆಗಳನ್ನು ಸಾಲಾಗಿ ಕೂರಿಸಿರುತ್ತಾರೆ. ಅದನ್ನು ಹೊರಬಟ್ಟೆಯ ಹಿಂಬದಿಗಿಟ್ಟು ಸುಮಾರು 120ರಿಂದ 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕೆಲವು ಸೆಕೆಂಡು ಒತ್ತಿದರೆ ಅಂಟು ಕರಗಿ ಎಳೆಗಳ ನಡುವೆ ಇಳಿದು, ಆರಿದ ಮೇಲೆ ಕಚ್ಚಿಕೊಳ್ಳುತ್ತದೆ. ಕೈಯಲ್ಲಿ ಗಂಟೆಗಟ್ಟಲೆ ಹಿಡಿಯುವ ಕೆಲಸ ನಿಮಿಷದೊಳಗೆ ಮುಗಿಯುತ್ತದೆ. ಕಾರ್ಖಾನೆಯಿಂದ ಹೊರಬಂದ ದಿನ ಎರಡೂ ಕೋಟುಗಳು ಒಂದೇ ರೀತಿ ಕಾಣುತ್ತವೆ, ಕೆಲವೊಮ್ಮೆ ಅಂಟಿಸಿದ್ದೇ ಹೆಚ್ಚು ನುಣುಪಾಗಿಯೂ ಕಾಣುತ್ತದೆ. ವ್ಯತ್ಯಾಸ ಗೊತ್ತಾಗುವುದು ಉಣ್ಣೆ ನೀರು ಕುಡಿಯತೊಡಗಿದಾಗ.

ಉಣ್ಣೆ ಎಷ್ಟು ನೀರು ಕುಡಿಯುತ್ತದೆ ಎಂಬುದು ಬಹಳ ಮಂದಿಗೆ ತಿಳಿದಿರುವುದಿಲ್ಲ. ಪ್ರಯೋಗಾಲಯದ ಪ್ರಮಾಣಿತ ಹವೆಯಲ್ಲಿ, ಅಂದರೆ 20 ಡಿಗ್ರಿ ಉಷ್ಣತೆ ಮತ್ತು ಶೇ 65ರ ಸಾಪೇಕ್ಷ ಆರ್ದ್ರತೆಯಲ್ಲಿ, 100 ಗ್ರಾಂ ಒಣ ಉಣ್ಣೆ ಗಾಳಿಯಿಂದಲೇ ಸುಮಾರು 16 ಗ್ರಾಂ ನೀರನ್ನು ಹೀರಿಕೊಂಡಿರುತ್ತದೆ. ಹತ್ತಿ ಅದರ ಅರ್ಧದಷ್ಟು ಹೀರಿದರೆ, ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಹೀರುವುದಿಲ್ಲ. ಗಾಳಿ ತೇವದಿಂದ ತುಂಬಿದ್ದರೆ ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ನೀರನ್ನು ಹಿಡಿದಿಟ್ಟುಕೊಂಡೂ ಮುಟ್ಟಿದರೆ ಒದ್ದೆ ಎನ್ನಿಸದಂತೆ ಇರಬಲ್ಲದು. ಮಳೆಗಾಲದಲ್ಲಿ ಹಿಗ್ಗಿ ಚೌಕಟ್ಟಿಗೆ ಸಿಕ್ಕಿಹಾಕಿಕೊಳ್ಳುವ ಮರದ ಬಾಗಿಲಿನಂತೆ ಉಣ್ಣೆಯ ಎಳೆಯೂ ಉದ್ದಕ್ಕಿಂತ ಅಡ್ಡಕ್ಕೆ ಬಹಳ ಹೆಚ್ಚು ಉಬ್ಬುತ್ತದೆ. ಎಳೆ ಅಡ್ಡಕ್ಕೆ ಉಬ್ಬಿದರೆ ಬಟ್ಟೆ ಉದ್ದಕ್ಕೆ ಏಕೆ ಹಿಗ್ಗಬೇಕು ಎಂದು ಕೇಳಬಹುದು. ನೇಯ್ಗೆಯೊಳಗಿನ ನೂಲು ನೆಟ್ಟಗಿರುವುದಿಲ್ಲ, ಎದುರು ಬರುವ ಪ್ರತಿ ನೂಲಿನ ಮೇಲೊಮ್ಮೆ ಕೆಳಗೊಮ್ಮೆ ಬಾಗುತ್ತ ಸಾಗುತ್ತದೆ. ಹಾಗೆ ಬಾಗಿ ನೆಲೆನಿಂತ ಎಳೆ ನೀರು ಹೀರಿ ಉಬ್ಬಿದಾಗ ಅದರ ಬಾಗು ಸ್ವಲ್ಪ ಬಿಡಿಸಿಕೊಂಡು, ನೂಲು ತುಸು ನೆಟ್ಟಗಾಗಿ, ಬಟ್ಟೆ ಉದ್ದವಾಗುತ್ತದೆ. ಒಣಗಿದಾಗ ಮತ್ತೆ ಹಿಂದಿನ ಅಳತೆಗೆ ಮರಳುತ್ತದೆ. ತೊಳೆದಾಗ ಬಟ್ಟೆ ಕುಗ್ಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಹಾಗೆ ಕುಗ್ಗಿದ ಬಟ್ಟೆ ತಾನಾಗಿ ಹಿಂದಿನ ಅಳತೆಗೆ ಮರಳುವುದಿಲ್ಲ, ಈ ಹಿಗ್ಗು-ಕುಗ್ಗು ಬಟ್ಟೆಯ ಜೀವಮಾನವಿಡೀ ನಡೆಯುತ್ತಲೇ ಇರುತ್ತದೆ.

ಈಗ ಹೀಗೆ ಉಸಿರಾಡುವ ಬಟ್ಟೆಯ ಹಿಂಬದಿಗೆ, ನೀರು ಕುಡಿಯದ ಪಾಲಿಯೆಸ್ಟರ್ ಪದರವೊಂದನ್ನು ಅಲುಗದ ಹಾಗೆ ಅಂಟಿಸಿದ್ದೇವೆ ಎಂದುಕೊಳ್ಳಿ. ಒಂದು ಪದರ ಹಿಗ್ಗಬೇಕೆನ್ನುತ್ತದೆ, ಇನ್ನೊಂದು ಇದ್ದಲ್ಲೇ ಇರಬೇಕೆನ್ನುತ್ತದೆ, ಇಬ್ಬರ ನಡುವಿನ ಒಪ್ಪಂದವಾಗಿ ಇಡೀ ಹಾಳೆ ಬಾಗುತ್ತದೆ. ಹಳೆಯ ಇಸ್ತ್ರಿಪೆಟ್ಟಿಗೆಯ ಥರ್ಮೋಸ್ಟಾಟಿನಲ್ಲಿರುವ ಎರಡು ಲೋಹಗಳ ಪಟ್ಟಿ ಕೆಲಸ ಮಾಡುವುದು ಇದೇ ತತ್ತ್ವದ ಮೇಲೆ; ಅಲ್ಲಿ ಹಿಗ್ಗಿಸುವುದು ಶಾಖ, ಇಲ್ಲಿ ತೇವ. ಅಂಥ ಪಟ್ಟಿ ಎಷ್ಟು ಬಾಗುತ್ತದೆ ಎಂಬ ಲೆಕ್ಕವನ್ನು ಎಂಜಿನಿಯರ್ ಸ್ಟೀಫನ್ ಟಿಮೊಶೆಂಕೊ 1925ರಲ್ಲಿ ಪ್ರಕಟಿಸಿದರು. ಎರಡೂ ಪದರಗಳ ದಪ್ಪ ಮತ್ತು ಬಿರುಸು ಸಮನಾಗಿದ್ದು ಒಟ್ಟು ದಪ್ಪ 1 ಮಿಲಿಮೀಟರ್ ಇದ್ದರೆ, ಹಿಗ್ಗುವಿಕೆಯಲ್ಲಿ ಬರೀ ಶೇ 1ರ ವ್ಯತ್ಯಾಸವಾದರೂ ಹಾಳೆ 7 ಸೆಂಟಿಮೀಟರಿಗಿಂತ ಕಡಿಮೆ ತ್ರಿಜ್ಯದ ಕಮಾನಾಗಿ ಬಾಗಬೇಕು ಎಂದು ಆ ಸೂತ್ರ ಹೇಳುತ್ತದೆ. ಕೋಟಿನ ಎದೆ ಹಾಗೆ ಬಾಗಲಾರದು, ಸುತ್ತಲೂ ಹೊಲಿಗೆ ಅದನ್ನು ಹಿಡಿದಿರುತ್ತದೆ. ಹೊರದಾರಿ ಸಿಗದ ಒತ್ತಡವೆಲ್ಲ ಅಂಟಿನ ಚುಕ್ಕೆಗಳ ಮೇಲೆ ಬೀಳುತ್ತದೆ. ಜುಲೈ ತಿಂಗಳ ಮಂಗಳೂರಿನಲ್ಲಿ ಮದುವೆ ಮಂಟಪದ ತೇವದಿಂದ ಹವಾನಿಯಂತ್ರಿತ ಕೋಣೆಯ ಒಣ ಗಾಳಿಗೆ ಹೋಗಿಬಂದಾಗಲೆಲ್ಲ ಈ ಎಳೆದಾಟ ಒಂದು ಸುತ್ತು ಮುಗಿಸುತ್ತದೆ; ಡ್ರೈಕ್ಲೀನಿಂಗ್ ದ್ರಾವಕವೂ ಬಿಸಿಯೂ ಅಂಟನ್ನು ಇನ್ನಷ್ಟು ದುರ್ಬಲಗೊಳಿಸುತ್ತವೆ. ಕಡೆಗೊಂದು ದಿನ ಚುಕ್ಕೆಗಳು ಬಿಟ್ಟುಕೊಂಡ ಜಾಗದಲ್ಲಿ ಬಟ್ಟೆ ಗುಳ್ಳೆಗುಳ್ಳೆಯಾಗಿ ಮೇಲೇಳುತ್ತದೆ. ಆ ಗುಳ್ಳೆಗಳಿಗೆ ಇಸ್ತ್ರಿ ಮಾಡಿದವರನ್ನು ದೂರುವುದು ನಮ್ಮಲ್ಲಿ ವಾಡಿಕೆಯಾಗಿದೆ; ಮೂಲ ದೋಷ ಬಹುಪಾಲು ಅವರದಲ್ಲ, ಎರಡು ಬೇರೆ ಸ್ವಭಾವದ ಬಟ್ಟೆಗಳನ್ನು ಜೋಡಿ ಮಾಡಿದವರದು.

ಕ್ಯಾನ್ವಾಸ್ ಕೋಟಿನಲ್ಲಿ ಪದರಗಳನ್ನು ಕೂಡಿಸುವುದು ಉದ್ದುದ್ದದ, ಬೇಕೆಂದೇ ಸಡಿಲ ಬಿಟ್ಟ ಕೈಹೊಲಿಗೆ. ಹೊರಬಟ್ಟೆ ಹಿಗ್ಗಿದರೆ ಕ್ಯಾನ್ವಾಸಿನ ಮೇಲೆ ಕೂದಲೆಳೆಯಷ್ಟು ಜಾರಿ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ, ಒತ್ತಡ ಕೂಡಿಡುವುದಿಲ್ಲ. ಕೈಹೊಲಿಗೆ ಯಂತ್ರದ ಹೊಲಿಗೆಗಿಂತ ಗಟ್ಟಿ ಎಂದು ಹೊಗಳುವವರಿದ್ದಾರೆ, ಆ ಹೊಗಳಿಕೆ ತಪ್ಪು ಜಾಗಕ್ಕೆ ಸಲ್ಲುತ್ತಿದೆ. ಗಟ್ಟಿತನದಲ್ಲಿ ಯಂತ್ರದ ಲಾಕ್‌ಸ್ಟಿಚ್ ಸೋಲುವುದಿಲ್ಲ. ಕೈಹೊಲಿಗೆಯ ಹೆಚ್ಚುಗಾರಿಕೆ ಇರುವುದು ಅದು ಬಿಟ್ಟುಕೊಡುವ ಗುಣದಲ್ಲಿ. ನುರಿತ ದರ್ಜಿಗಳು ತೋಳು ಕೂಡಿಸುವ ಸುತ್ತಿನ ಹೊಲಿಗೆಗೆ ರೇಷ್ಮೆ ದಾರವನ್ನೇ ಆರಿಸುವುದಕ್ಕೂ ಇದೇ ಕಾರಣವಿದೆ: ರೇಷ್ಮೆಯ ಎಳೆ ಕಡಿಯುವ ಮೊದಲು ಸುಮಾರು ಶೇ 20ರಷ್ಟು ಹಿಗ್ಗಬಲ್ಲದು, ಹತ್ತಿಯದು ಅದರ ಅರ್ಧಕ್ಕಿಂತ ಕಡಿಮೆ.

ಇನ್ನೂ ಸೊಗಸಾದ ಜ್ಯಾಮಿತಿ ಇರುವುದು ಲ್ಯಾಪೆಲ್‌ನಲ್ಲಿ. ಎದೆಯ ಮೇಲೆ ಹೊರಳುವ ಆ ಮಡಿಕೆಯನ್ನು ಹೊಲಿಯುವಾಗ ದರ್ಜಿ ಬಟ್ಟೆಯನ್ನು ಮೇಜಿನ ಮೇಲೆ ಹರಡುವುದಿಲ್ಲ. ಎಡಗೈಯ ತೋರುಬೆರಳಿನ ಮೇಲೆ ಸುತ್ತಿ ಬಾಗಿಸಿಕೊಂಡು, ಕ್ಯಾನ್ವಾಸಿನ ಕಡೆಯಿಂದ ಸಣ್ಣ ಓರೆ ಹೊಲಿಗೆಗಳನ್ನು ಸಾಲುಸಾಲಾಗಿ ಹಾಕುತ್ತಾನೆ. ಪ್ರತಿ ಹೊಲಿಗೆಯೂ ಹೊರಬಟ್ಟೆಯ ಒಂದೆರಡು ಎಳೆಯನ್ನಷ್ಟೇ ಕಚ್ಚಿ ಹಿಂದಿರುಗುವುದರಿಂದ ಇನ್ನೊಂದು ಬದಿಯಲ್ಲಿ ಸೂಜಿಮೊನೆಯಷ್ಟು ತಗ್ಗು ಬಿಟ್ಟರೆ ಏನೂ ಕಾಣದು. ಎರಡು ಪದರಗಳ ನಡುವೆ 1 ಮಿಲಿಮೀಟರ್ ಅಂತರವಿದ್ದು ಅವನ್ನು ಪೂರ್ತಿ ಹಿಂದಕ್ಕೆ ಮಡಚಿದರೆ, ಹೊರಗಿನ ಪದರ ಒಳಗಿನದಕ್ಕಿಂತ ಸುಮಾರು 3 ಮಿಲಿಮೀಟರ್ ಹೆಚ್ಚು ದೂರ ಸುತ್ತಬೇಕಾಗುತ್ತದೆ. ಬಾಗಿಸಿ ಹೊಲಿದಾಗ ಈ 3 ಮಿಲಿಮೀಟರ್ ವ್ಯತ್ಯಾಸ ನೂರಾರು ಹೊಲಿಗೆಗಳಲ್ಲಿ ಹಂಚಿಹೋಗಿ ಶಾಶ್ವತವಾಗಿ ಉಳಿಯುತ್ತದೆ; ಬೆರಳು ತೆಗೆದರೂ ಲ್ಯಾಪೆಲ್ ತಾನಾಗಿ ಹೊರಳುತ್ತದೆ. ಚಪ್ಪಟೆಯಾಗಿಟ್ಟು ಅಂಟಿಸಿದ ಲ್ಯಾಪೆಲ್‌ಗೆ ಇಸ್ತ್ರಿಯ ಗೆರೆಯೊಂದೇ ಆಧಾರ.

ಆ ಇಸ್ತ್ರಿಯ ಹಬೆಯೂ ಉಣ್ಣೆಗೆ ಆಕಾರ ಕೊಡುವುದು ಅಣುಮಟ್ಟದಲ್ಲಿ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ವಿಲಿಯಂ ಆಸ್ಟ್‌ಬರಿ 1930ರ ದಶಕದಲ್ಲಿ ಉಣ್ಣೆಯ ಎಳೆಗೆ ಎಕ್ಸ್-ಕಿರಣ ಹಾಯಿಸಿ, ಎಳೆದಾಗ ಅದರ ಕೆರಾಟಿನ್ ಎಂಬ ಪ್ರೋಟೀನಿನ ಅಣುಗಳ ಮಡಿಕೆ ಬಿಚ್ಚಿ ಬೇರೊಂದು ರಚನೆಗೆ ತಿರುಗುತ್ತದೆ ಎಂದು ತೋರಿಸಿದರು. ಜವಳಿ ಉದ್ಯಮದ ನಂಟಿನಿಂದ ಬೆಳೆದ ಈ ಸಂಶೋಧನೆ, 1951ರಲ್ಲಿ ರಸಾಯನವಿಜ್ಞಾನಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ಪ್ರೋಟೀನಿನ ಆಲ್ಫಾ ಹೀಲಿಕ್ಸ್ ಎಂಬ ಸುರುಳಿ ರಚನೆಯನ್ನು ಗುರುತಿಸುವ ದಾರಿಯಲ್ಲಿ ಒಂದು ಮೆಟ್ಟಿಲಾಯಿತು. ದರ್ಜಿಗೆ ಬೇಕಾದಷ್ಟು ಹೇಳುವುದಾದರೆ: ಕೆರಾಟಿನ್ ಸರಪಳಿಗಳನ್ನು ಹಿಡಿದಿಡುವ ದುರ್ಬಲ ಹೈಡ್ರೋಜನ್ ಬಂಧಗಳು ಬಿಸಿ ಹಬೆಯಲ್ಲಿ ಬಿಡುತ್ತವೆ, ತಣಿದು ಒಣಗುವಾಗ ಹೊಸ ಜಾಗದಲ್ಲಿ ಕೂಡಿಕೊಳ್ಳುತ್ತವೆ. ಆದ್ದರಿಂದ ಹಬೆ ಕೊಟ್ಟ ಬಟ್ಟೆಯನ್ನು ತಣಿಯುವ ಮುನ್ನ ಮೇಜಿನಿಂದ ಎತ್ತಿದರೆ ಪಟ್ಟ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಅಂಟಿಸಿದ್ದೆಲ್ಲ ಕೀಳು ಎನ್ನುವುದೂ ಇನ್ನೊಂದು ಮೂಢನಂಬಿಕೆಯೇ. ಹತ್ತಿಯ ಶರ್ಟಿನ ಕಾಲರಿಗೆ ಫ್ಯೂಸಿಂಗ್ ಚೆನ್ನಾಗಿ ಒಪ್ಪುತ್ತದೆ. ಹೊರಬಟ್ಟೆಯ ಹಿಗ್ಗುವಿಕೆಯನ್ನು ಮೊದಲೇ ಅಳೆದು ಅದಕ್ಕೆ ಹೊಂದುವ ಒಳಪದರ ಆರಿಸಿದರೆ ಅಂಟಿಸಿದ ಕೋಟೂ ಬಹುಕಾಲ ಬಾಳುತ್ತದೆ. ಇಂಥ ಅಳತೆಗಳನ್ನು ಕೈಚಳಕದ ಅಂದಾಜಿನಿಂದ ಬಿಡಿಸಿ ಯಂತ್ರಕ್ಕೆ ತಂದವರಲ್ಲಿ ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸುಯೋ ಕವಾಬಾಟಾ ಮುಖ್ಯರು. ಅನುಭವಿಗಳು ಬಟ್ಟೆಯನ್ನು ಹರಿದು ನೋಡದೆ ಬೆರಳಲ್ಲಿ ಸವರಿಯೇ ಗುಣ ಹೇಳುತ್ತಾರಲ್ಲ, ಆ ಬೆರಳು ಗ್ರಹಿಸುವ ಅಲ್ಪಬಲದ ಎಳೆತ, ಬಾಗು, ಓರೆ ಜಾರಿಕೆ, ಒತ್ತು, ಮೇಲ್ಮೈಯ ಒರಟುತನಗಳನ್ನೇ 1970ರ ದಶಕದಲ್ಲಿ ಅವರು ಉಪಕರಣಗಳಿಂದ ಅಳೆಯತೊಡಗಿದರು. ಮುಂದೆ ಆಸ್ಟ್ರೇಲಿಯಾದ ಸರ್ಕಾರಿ ವಿಜ್ಞಾನ ಸಂಶೋಧನೆಯ ಸಿಎಸ್‌ಐಆರ್‌ಓ ಸಂಸ್ಥೆ ಇನ್ನೂ ಸರಳವಾದ ‘ಫಾಸ್ಟ್’ ಎಂಬ ಪರೀಕ್ಷಾಕ್ರಮವನ್ನು ರೂಪಿಸಿತು. ತೇವಕ್ಕೆ ಬಟ್ಟೆ ಎಷ್ಟು ಹಿಗ್ಗುತ್ತದೆ ಎಂಬುದೂ ಅದರ ಅಳತೆಗಳಲ್ಲಿ ಒಂದು. ಕತ್ತರಿ ಹಾಕುವ ಮೊದಲೇ ಬಟ್ಟೆಯನ್ನು ತಿರಸ್ಕರಿಸಲು ಇವು ನೆರವಾಗುತ್ತವೆ.

‘ಸೂಪರ್’ ಸಂಖ್ಯೆ ಹೇಳುವುದು ಉಣ್ಣೆಯ ಎಳೆಯ ನವಿರನ್ನು ಮಾತ್ರ. ಅಮೆರಿಕದಲ್ಲಿ 2006ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ಸೂಪರ್ 100 ಎಂದು ಬರೆಯಲು ಎಳೆಯ ಸರಾಸರಿ ವ್ಯಾಸ 18.75 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಒಂದು ಮೈಕ್ರಾನ್) ಮೀರಬಾರದು, ಸೂಪರ್ 150ಕ್ಕೆ 16.25 ಮೀರಬಾರದು. ಎಳೆಯ ಬಲ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ, ಬಾಗದೆ ತಡೆಯುವ ಬಿರುಸು ವ್ಯಾಸದ ನಾಲ್ಕನೆಯ ಘಾತಕ್ಕೆ. ಲೆಕ್ಕ ಹಾಕಿದರೆ ಸೂಪರ್ 150ರ ಒಂದೊಂದು ಎಳೆಯೂ ಸೂಪರ್ 100ರ ಎಳೆಗಿಂತ ಬಲದಲ್ಲಿ ಶೇ 25ರಷ್ಟು, ಬಿರುಸಿನಲ್ಲಿ ಶೇ 44ರಷ್ಟು ಕಡಿಮೆಯಾಗುತ್ತದೆ. ಚರ್ಮಕ್ಕೆ ಹಿತವಾದ ಮೃದುತ್ವ ಬರುವುದು ಇದರಿಂದಲೇ, ಮೊಣಕೈ ಬಳಿ ಬೇಗ ಸವೆಯುವುದೂ ಇದರಿಂದಲೇ. ದಿನವೂ ಹಾಕುವ ಕೋಟಿಗೆ ದೊಡ್ಡ ಸಂಖ್ಯೆಯನ್ನು ಹುಡುಕಿ ಕೊಳ್ಳುವವರು ಹೆಚ್ಚು ಹಣ ಕೊಟ್ಟು ಕಡಿಮೆ ಬಾಳಿಕೆ ಕೊಳ್ಳುತ್ತಿದ್ದಾರೆ.

ಹಾಗಾದರೆ ಕಾರ್ಖಾನೆಯ ಗುಣಮಟ್ಟ ತಪಾಸಣೆ ಏನು ಮಾಡುತ್ತದೆ? ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿಗಳ ರಫ್ತು ಗಾರ್ಮೆಂಟ್‌ಗಳಲ್ಲಿ ದುಡಿದವರಿಗೆ ‘ಎಕ್ಯೂಎಲ್ 2.5’ ಎಂಬ ಮಾತು ಪರಿಚಿತ; ಮಾದರಿ ತಪಾಸಣೆಯಲ್ಲಿ ಒಪ್ಪಬಹುದಾದ ಗುಣಮಟ್ಟದ ಮಿತಿ ಎಂದು ಅದರ ಅರ್ಥ. ಈ ಕ್ರಮದ ಬೇರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹೆರಾಲ್ಡ್ ಡಾಜ್ ಮತ್ತು ಹ್ಯಾರಿ ರೋಮಿಗ್ ರೂಪಿಸಿದ ಮಾದರಿ ತಪಾಸಣೆಯ ಗಣಿತದಲ್ಲಿದೆ. ಯುದ್ಧಕಾಲದ ಸೇನಾ ಖರೀದಿಯ ಮೂಲಕ ಬೆಳೆದು 1950ರ ಸೇನಾ ಮಾನದಂಡವಾಗಿ, ಈಗ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಓ 2859 ಆಗಿದೆ. 1,201ರಿಂದ 3,200 ಪೀಸುಗಳ ಲಾಟಿನಲ್ಲಿ ಸಾಮಾನ್ಯ ಮಟ್ಟದ ತಪಾಸಣೆಗೆ 125 ಪೀಸು ತೆಗೆಯುತ್ತಾರೆ. ದೋಷವಿರುವವು 7ರವರೆಗಿದ್ದರೆ ಲಾಟು ಪಾಸು, 8 ಆದರೆ ಫೇಲು. ಇಡೀ ಲಾಟಿನಲ್ಲಿ ನಿಜಕ್ಕೂ ಶೇ 5ರಷ್ಟು ಪೀಸುಗಳು ಕೆಟ್ಟಿದ್ದರೂ ಅದು ಹತ್ತರಲ್ಲಿ ಏಳು ಬಾರಿ ಪಾಸಾಗುತ್ತದೆ ಎಂದು ಸಂಭವನೀಯತೆಯ ಲೆಕ್ಕ ತೋರಿಸುತ್ತದೆ. ಇದು ಮೋಸವಲ್ಲ, ಕೊಳ್ಳುವವನೂ ಮಾರುವವನೂ ಒಪ್ಪಿಕೊಂಡ ಅಪಾಯದ ಹಂಚಿಕೆ. ಆದರೆ ‘ಕ್ಯೂಸಿ ಪಾಸ್’ (ಗುಣಮಟ್ಟ ತಪಾಸಣೆಯಲ್ಲಿ ಪಾಸು) ಎಂಬ ಚೀಟಿಯನ್ನು ನಿರ್ದೋಷತೆಯ ಪ್ರಮಾಣವೆಂದು ಓದುವುದು ತಪ್ಪು. ಅದಕ್ಕಿಂತ ಮುಖ್ಯವಾಗಿ, ಚೆಕಿಂಗ್ ಮೇಜಿನ ಮೇಲೆ ಕಾಣುವುದು ಬಿಟ್ಟ ಹೊಲಿಗೆ, ಉಳಿದ ದಾರ, ಕಲೆ, ಜೇಬಿನ ಬಳಿ ಕೂಡದ ಚೌಕಳಿ ಗೆರೆ. ಆರು ತಿಂಗಳ ನಂತರ ಬಿಟ್ಟುಕೊಳ್ಳಲಿರುವ ಅಂಟು ಕಾಣುವುದಿಲ್ಲ. ಅದನ್ನು ಹಿಡಿಯಬೇಕಾದರೆ ಅಂಟಿಸಿದ ಬಟ್ಟೆಯ ಪಟ್ಟಿಗಳನ್ನು ಕತ್ತರಿಸಿ, ತೊಳೆಯುವ ಮೊದಲೂ ಆಮೇಲೂ ಯಂತ್ರದಲ್ಲಿ ಸಿಪ್ಪೆ ಸುಲಿದಂತೆ ಎಳೆದು ಎಷ್ಟು ಬಲಕ್ಕೆ ಬಿಡುತ್ತದೆ ಎಂದು ಅಳೆಯಬೇಕು. ಫ್ಯೂಸಿಂಗ್ ಯಂತ್ರದ ಶಾಖ, ಒತ್ತಡ, ಸಮಯಗಳನ್ನು ದಿನದಿನವೂ ಪರಿಶೀಲಿಸಬೇಕು.

ಹೆಸರುಗಳ ರಕ್ಷಣೆಯೂ ಇಷ್ಟು ಆಳಕ್ಕೆ ಇಳಿಯುವುದಿಲ್ಲ. ‘ಓತ್ ಕುಟ್ಯೂರ್’ (ಗಿರಾಕಿಯ ಅಳತೆಗೆ ಹೊಲಿಯುವ ಅತಿ ದುಬಾರಿ ಉಡುಪು) ಎಂಬ ಹೆಸರಿಗೆ ಫ್ರಾನ್ಸಿನಲ್ಲಿ 1945ರಿಂದ ಕಾನೂನಿನ ರಕ್ಷಣೆಯಿದೆ, ಆದರೆ ಅದರ ನಿಯಮಗಳು ಹೆಚ್ಚಾಗಿ ಪ್ಯಾರಿಸ್ಸಿನ ಕಾರ್ಯಾಗಾರ, ಕುಶಲಕರ್ಮಿಗಳ ಸಂಖ್ಯೆ, ವರ್ಷದ ಪ್ರದರ್ಶನಗಳನ್ನು ಕುರಿತವು. ಲಂಡನ್ನಿನ ಸ್ಯಾವಿಲ್ ರೋ ದರ್ಜಿಗಳ ಸಂಘ ಒಂದು ಸೂಟಿಗೆ ಕನಿಷ್ಠ 50 ಗಂಟೆಗಳ ಕೈಕೆಲಸ ಇರಬೇಕೆನ್ನುತ್ತದೆ; ಅದೇ ದೇಶದ ಜಾಹೀರಾತು ನಿಯಂತ್ರಣ ಸಂಸ್ಥೆ 2008ರಲ್ಲಿ, ಯಂತ್ರದಲ್ಲಿ ಹೊಲಿದದ್ದನ್ನೂ ‘ಬಿಸ್ಪೋಕ್’ (ಗಿರಾಕಿಗೆಂದೇ ಹೊಲಿದದ್ದು) ಎಂದು ಕರೆಯಬಹುದೆಂದು ತೀರ್ಪಿತ್ತಿತು.

ಒಳ್ಳೆಯ ನಿರ್ಮಾಣವನ್ನು ಗುರುತಿಸಲು ಇನ್ನೊಂದು ಜಾಗವಿದೆ, ಅದು ಬೆನ್ನಿನ ನಡುಹೊಲಿಗೆಯ ಒಳಗೆ ಬಿಟ್ಟಿರುವ ಮಾರ್ಜಿನ್. ಕಾರ್ಖಾನೆಯ ಕೋಟಿನಲ್ಲಿ ಅದು ಸುಮಾರು 1 ಸೆಂಟಿಮೀಟರ್ ಇದ್ದರೆ, ಕೈಕೆಲಸದ ಕೋಟಿನಲ್ಲಿ ಎರಡು ಮೂರು ಪಟ್ಟು ಇರುತ್ತದೆ. ಮೈ ದಪ್ಪವಾದರೆ ಬಿಚ್ಚಿ ಅಗಲಿಸಬಹುದು. ಕ್ಯಾನ್ವಾಸ್ ಸರಿದಿದ್ದರೆ ಲೈನಿಂಗ್ ಬಿಚ್ಚಿ, ಹಳೆಯ ಟಾಕು ಕಿತ್ತು, ಹಬೆ ಕೊಟ್ಟು ಮತ್ತೆ ಕೂರಿಸಬಹುದು. ಅಂಟು ಬಿಟ್ಟ ಎದೆಯನ್ನು ಇಸ್ತ್ರಿಯಿಂದ ಮತ್ತೆ ಒತ್ತಿದರೂ ಹೆಚ್ಚು ದಿನ ನಿಲ್ಲುವುದಿಲ್ಲ, ಕರಗಿ ಹರಡಿದ ಅಂಟು ಬಟ್ಟೆಯ ಮುಂಬದಿಗೆ ಇಣುಕಿ ಕಲೆಯಾಗುವುದೂ ಉಂಟು.